ಕಂಟ್ರೋಲ್ ರೂಮನ್ನು ಮಹಡಿಗೇರಿಸಬೇಡಿ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಅಮೆರಿಕದ ಕೊಲಂಬಸ್ಸಿನಿಂದ ಮರಳಿ ಹತ್ತು ದಿನವಾಯಿತು. ನಿಮ್ಮೂರಿನಲ್ಲಿ ಕಟ್ಟಲಿರುವ 250 ಆಸನಗಳ ರಂಗಮಂದಿರದ ನಕ್ಷೆ ನಾನು ಹೊರಡುವ ಹಿಂದಿನ ವಾರ ಕೈಸೇರಿತ್ತು. ಅದನ್ನು ಬ್ಯಾಗಿನಲ್ಲಿಟ್ಟುಕೊಂಡೇ ರಂಗತಂತ್ರಜ್ಞರ ಸಮ್ಮೇಳನಕ್ಕೆ ಹೋದೆ. ರಾತ್ರಿ ಕೋಣೆಗೆ ಬಂದ ಮೇಲೆ ಹಗಲು ಕಂಡದ್ದನ್ನೆಲ್ಲ ಅದರ ಪಕ್ಕದಲ್ಲಿಟ್ಟು ನೋಡಿದೆ. ಹಾಗಾಗಿ ಈ ಪತ್ರದಲ್ಲಿ ಪ್ರವಾಸದ ಸುದ್ದಿಗಿಂತ ನಿನ್ನ ನಕ್ಷೆಯ ಮಾತೇ ಹೆಚ್ಚು, ಅದೂ ಗಾಲಿಕುರ್ಚಿಯಲ್ಲಿ ಕುಳಿತು ನಾಟಕಕ್ಕೆ ಬೆಳಕು ಕೊಡುವವನ ಕಣ್ಣಿನಿಂದ.

ಸಮ್ಮೇಳನವನ್ನು ನಡೆಸುವುದು 1960ರಲ್ಲಿ ಆರಂಭವಾದ, ಯುಎಸ್‌ಐಟಿಟಿ ಎಂದು ಕರೆಯುವ ಅಮೆರಿಕದ ರಂಗತಂತ್ರಜ್ಞರ ಸಂಸ್ಥೆ. 2025ರ ಮಾರ್ಚ್ 5ರಿಂದ 8ರವರೆಗೆ ಅದು ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ನಡೆಯಿತು. ಯಾವುದೋ ಕಂಪನಿಯ ಲೈಟ್ ಬೋರ್ಡಿಗೆ (ದೀಪಗಳನ್ನು ನಿಯಂತ್ರಿಸುವ ಫಲಕ) ಇನ್ಯಾವುದೋ ಕಂಪನಿಯ ಡಿಮ್ಮರ್ (ದೀಪದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸಾಧನ) ಹೊಂದುವಂತೆ, ಒಂದೇ ಕೇಬಲ್ಲಿನಲ್ಲಿ 512 ಚಾನೆಲ್ಲುಗಳ ಸೂಚನೆಗಳನ್ನು ಕಳುಹಿಸುವ ಡಿಎಂಎಕ್ಸ್ 512 ಪದ್ಧತಿಯನ್ನು 1986ರಲ್ಲಿ ರೂಪಿಸಿದ್ದು ಇದೇ ಸಂಸ್ಥೆ. ಜಾತ್ರೆಯ ಬಯಲಿನಲ್ಲಿ ನೀನು ಕಂಬದಿಂದ ಕಂಬಕ್ಕೆ ಎಳೆಯುತ್ತಿದ್ದ ಆ ಕೇಬಲ್ಲಿನ ಮೂಲ ಇಲ್ಲಿಯದು ಎಂದು ನೆನೆದಾಗ, ಅಪರಿಚಿತರ ಆ ದೊಡ್ಡ ಸಭೆ ನಮ್ಮವರದೇ ಅನ್ನಿಸಿತು.

ಪ್ರಯಾಣದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ವಿಮಾನದಿಂದ ಇಳಿದಾಗ ಗಾಲಿಕುರ್ಚಿಯ ಒಂದು ಫುಟ್‌ರೆಸ್ಟ್ ಬಾಗಿತ್ತು, ಅಷ್ಟೆ. ಸಮ್ಮೇಳನ ನಡೆದದ್ದು ವಾಸ್ತುಶಿಲ್ಪಿ ಪೀಟರ್ ಐಸೆನ್‌ಮನ್ ವಿನ್ಯಾಸಗೊಳಿಸಿದ, 1993ರಲ್ಲಿ ತೆರೆದ ವಿಶಾಲವಾದ ಸಭಾಭವನದಲ್ಲಿ. ಅಲ್ಲಿ ಕಳೆದ ನಾಲ್ಕು ದಿನಗಳಲ್ಲಿ ಒಮ್ಮೆಯೂ ಯಾರೂ ನನ್ನನ್ನು ಎತ್ತಬೇಕಾಗಲಿಲ್ಲ. ಇದರ ಅರ್ಥ ನಿನಗೆ ಗೊತ್ತು. ಉಪನ್ಯಾಸ ಮುಗಿದೊಡನೆ ಮುಂದಿನ ಕೋಣೆಗೆ ಯಾರನ್ನೂ ಕಾಯದೆ ಹೋಗಿಬಿಡುವ ಸುಖವನ್ನು ನಾನು ರಂಗಭೂಮಿಯ ಕೆಲಸದಲ್ಲಿ ಅನುಭವಿಸಿದ್ದು ಇದೇ ಮೊದಲು. ಉಪಕರಣಗಳ ಪ್ರದರ್ಶನದಲ್ಲಿ ಮಾತ್ರ ಕೇಬಲ್ಲುಗಳ ಮೇಲೆ ಹೊದಿಸಿದ್ದ ರಬ್ಬರಿನ ಉಬ್ಬಿಗೆ ಮುಂದಿನ ಚಿಕ್ಕ ಗಾಲಿಗಳು ಸಿಕ್ಕಿಕೊಂಡವು. ಕುರ್ಚಿಯನ್ನು ಹಿಂದುಮುಂದಾಗಿಸಿ ದೊಡ್ಡ ಗಾಲಿಗಳನ್ನು ಮೊದಲು ಹತ್ತಿಸಿ ದಾಟಿದೆ. ಮಳಿಗೆಯ ಹುಡುಗಿ ಅದನ್ನು ನೋಡಿದ್ದಳು. ಮರುದಿನ ಹೋದಾಗ ಆ ಕೇಬಲ್ಲುಗಳನ್ನು ಮೇಲಿನಿಂದ ಹಾಯಿಸಿದ್ದರು, ನೆಲ ಸಪಾಟಾಗಿತ್ತು.

ಅದೇ ಮಳಿಗೆಯಲ್ಲಿ ಲೈಟ್ ಬೋರ್ಡನ್ನು ಕಾಲು ಚಾಚಲು ಜಾಗವಿದ್ದ ಮೇಜಿನ ಮೇಲೆ ಇಟ್ಟಿದ್ದರು. ಗಾಲಿಕುರ್ಚಿಯಲ್ಲಿ ಕುಳಿತವರ ಮೊಣಕಾಲಿಗೆ ಮೇಜಿನ ಕೆಳಗೆ 27 ಅಂಗುಲ ಎತ್ತರದ ತೆರಪು ಬೇಕು, ಮೇಜಿನ ಮೇಲ್ಮೈ ನೆಲದಿಂದ 28ರಿಂದ 34 ಅಂಗುಲದೊಳಗೆ ಇರಬೇಕು ಎಂದು ಅಲ್ಲಿನ ನಿಯಮವಿದೆ. ಇಷ್ಟು ವರ್ಷ ಬೋರ್ಡಿಗೆ ಓರೆಯಾಗಿ ಕುಳಿತು, ಸೊಂಟ ತಿರುಗಿಸಿ ಬೆಳಕು ಏರಿಳಿಸುವ ಫೇಡರುಗಳನ್ನು ಎಳೆದವನಿಗೆ, ಎರಡೂ ಕೈಗಳನ್ನು ನೇರವಾಗಿ ಬೋರ್ಡಿನ ಮೇಲಿಟ್ಟು ಕೂತದ್ದೇ ಹೊಸ ಅನುಭವ. ಅಲ್ಲಿಂದ ಏಳಲು ಮನಸ್ಸೇ ಬರಲಿಲ್ಲ.

ಆದರೆ ಅಲ್ಲಿಯೂ ಎಲ್ಲವೂ ಬಗೆಹರಿದಿಲ್ಲ. 1990ರ ಅಂಗವಿಕಲರ ಕಾಯ್ದೆಯ ಅಡಿಯಲ್ಲಿ ರೂಪಿಸಿರುವ ಮಾನದಂಡಗಳ ಪ್ರಕಾರ, ಪ್ರೇಕ್ಷಕಾಂಗಣದಿಂದ ರಂಗಕ್ಕೆ ನೇರ ದಾರಿಯಿದ್ದರೆ ಗಾಲಿಕುರ್ಚಿಗೂ ನೇರ ದಾರಿ ಇರಬೇಕು. ನಟರು ಬಳಸುವ ಕೋಣೆಗಳಿಗೂ ಅದು ಅನ್ವಯಿಸುತ್ತದೆ. ಆದರೆ ಏಣಿಯಿಂದ ಅಥವಾ ಕ್ಯಾಟ್‌ವಾಕಿನಿಂದ (ಸೂರಿನಡಿಯ ಕಿರಿದಾದ ಓಡಾಟದ ಸೇತುವೆ) ಮಾತ್ರ ತಲುಪಬಹುದಾದ ಜಾಗಗಳಿಗೆ ವಿನಾಯಿತಿಯಿದೆ. ಪ್ರೇಕ್ಷಕ ಒಳಗೆ ಬಂದ, ನಟ ರಂಗವೇರಿದ, ದೀಪ ಕಟ್ಟುವವನು ಏಣಿಯ ಬುಡದಲ್ಲೇ ಉಳಿದ. ಸೂರಿನ ಕೆಳಗಿನ ಕಬ್ಬಿಣದ ಜಾಲಕ್ಕೆ ಈ ವಿನಾಯಿತಿ ಕೊಡುವುದನ್ನು ನಾನು ಒಪ್ಪಬಲ್ಲೆ, ಏಕೆಂದರೆ ದೀಪದ ಬಾರ್ ಅನ್ನೇ ಮೋಟಾರಿನಿಂದ ಎದೆಮಟ್ಟಕ್ಕೆ ಇಳಿಸಿಕೊಂಡರೆ ಕುರ್ಚಿಯಲ್ಲಿ ಕುಳಿತೇ ಲೈಟ್ ಕಟ್ಟಬಹುದು. ಆದರೆ ನಾಟಕದ ಬೆಳಕು, ಧ್ವನಿಯನ್ನು ನಡೆಸುವ ಕಂಟ್ರೋಲ್ ರೂಮನ್ನು ಮೇಲೆ ಕಟ್ಟುವುದಕ್ಕೆ ಅಂಥ ಯಾವ ಕಾರಣವೂ ಇಲ್ಲ.

ನೆನಪಿದೆಯೇ, ಆ ಜಿಲ್ಲಾ ಕೇಂದ್ರದ ಹಳೆಯ ಸಭಾಂಗಣ? ಸುರುಳಿ ಮೆಟ್ಟಿಲಿನ ತುದಿಯಲ್ಲಿ ಕಂಟ್ರೋಲ್ ರೂಮು. ನೀನು ನನ್ನನ್ನು ಬೆನ್ನ ಮೇಲೆ ಹೊತ್ತು ಹತ್ತಿದೆ; ನಿನ್ನ ಕತ್ತಿನ ಬೆವರು ನನ್ನ ಅಂಗಿಗೆ ಅಂಟಿತ್ತು. ನಾಟಕ ಮುಗಿದ ಮೇಲೆ ನೀನು ಸೆಟ್ ಬಿಚ್ಚಿ ಬರುವ ತನಕ, ಕತ್ತಲಲ್ಲಿ, ಒಂದು ಗಂಟೆ ನಾನು ಅಲ್ಲೇ ಕುಳಿತಿದ್ದೆ. ಬೆಂಕಿ ಬಿದ್ದರೆ ಏನು ಮಾಡುವುದೆಂದು ಆ ಹೊತ್ತಿನಲ್ಲಿ ಯೋಚಿಸಿದ್ದನ್ನು ನಿನಗೆ ಇದುವರೆಗೆ ಹೇಳಿರಲಿಲ್ಲ.

ನಿನ್ನ ನಕ್ಷೆಯಲ್ಲೂ ಕಂಟ್ರೋಲ್ ರೂಮು ಬಾಲ್ಕನಿಯ ಮೇಲೆಯೇ ಇದೆ. ದಯವಿಟ್ಟು ಅದನ್ನು ಕೆಳಗಿಳಿಸು. ಪ್ರೇಕ್ಷಕಾಂಗಣದ ಕೊನೆಯ ಸಾಲಿನ ಹಿಂದೆ, ಪ್ರವೇಶದ್ವಾರದ ಮಟ್ಟದಲ್ಲಿ, 32 ಅಂಗುಲ ತೆರಪಿನ ಬಾಗಿಲು ಮತ್ತು ಕುರ್ಚಿ ಸುತ್ತು ತಿರುಗಲು 5 ಅಡಿ ಜಾಗ ಇದ್ದರೆ ಸಾಕು. ರಂಗದ ಎತ್ತರವನ್ನು 3 ಅಡಿ ಎಂದು ತೋರಿಸಿದ್ದೀರಿ. ಒಂದು ಅಡಿ ಏರಿಗೆ 12 ಅಡಿ ಉದ್ದದ ಲೆಕ್ಕದಲ್ಲಿ ಅದಕ್ಕೆ 36 ಅಡಿ ರ‍್ಯಾಂಪ್ ಬೇಕು, ಅದರಲ್ಲೂ ಒಂದೇ ಓಟದಲ್ಲಿ ಎರಡೂವರೆ ಅಡಿಗಿಂತ ಹೆಚ್ಚು ಏರುವಂತಿಲ್ಲವಾದ್ದರಿಂದ ನಡುವೆ 5 ಅಡಿಯ ಸಮತಟ್ಟು ಬರಲೇಬೇಕು. ನೀವು ಗೀಚಿರುವ 15 ಅಡಿಯ ರ‍್ಯಾಂಪಿನಲ್ಲಿ ಸ್ಪೀಕರ್ ಪೆಟ್ಟಿಗೆ ತಳ್ಳುವವರೂ ಏದುಸಿರು ಬಿಡುತ್ತಾರೆ. ಇನ್ನು 250 ಆಸನಗಳಿಗೆ ಅಲ್ಲಿನ ಲೆಕ್ಕದಂತೆ ಗಾಲಿಕುರ್ಚಿಯ 5 ಜಾಗಗಳು ಬೇಕು, ಪ್ರತಿಯೊಂದರ ಪಕ್ಕದಲ್ಲಿ ಜೊತೆಗಾರರಿಗೊಂದು ಆಸನ. ಅವನ್ನೆಲ್ಲ ಒಂದೇ ಮೂಲೆಗೆ ಗುಡ್ಡೆ ಹಾಕಬೇಡಿ. ನಾಟಕವನ್ನು ನಡುವಿನಿಂದ ನೋಡುವ ಆಸೆ ನಮಗೂ ಇರುತ್ತದೆ.

ನಕ್ಷೆ ಮಂಜೂರಾಗಿಲ್ಲ ಎಂದು ಬರೆದಿದ್ದೆಯಲ್ಲ, ಹಾಗಾದರೆ ಬುನಾದಿ ತೋಡುವ ಮೊದಲು ನಾನೊಮ್ಮೆ ಬರುತ್ತೇನೆ. ನಿವೇಶನದಲ್ಲಿ ಕಂಟ್ರೋಲ್ ರೂಮಿಗೂ ನಟರ ಹಸಿರುಕೋಣೆಯ (ಗ್ರೀನ್ ರೂಮಿನ) ಶೌಚಾಲಯಕ್ಕೂ ಸುಣ್ಣದ ಗೆರೆ ಎಳೆಸಿರು. ಆ ಗೆರೆಗಳ ಒಳಗೆ ಕುರ್ಚಿ ತಿರುಗಿಸಿ ನೋಡೋಣ.

ನಿನ್ನ ಪ್ರೀತಿಯ ಗೆಳೆಯ