ಎಳೆಯ ತೋಳಿಗೆ ಚೆಂಡು ಕೊಡುವಾಗ

ಮಾನ್ಯರೇ,

2025ರ ಅಕ್ಟೋಬರ್ 30ರಂದು ಬೆಳಿಗ್ಗೆ ಐದೂವರೆಗೆ, ಟೊರೊಂಟೊದಲ್ಲಿ ನೌಕರಿಯಲ್ಲಿರುವ ಮಗನ ಒತ್ತಾಯಕ್ಕೆ ಕಟ್ಟುಬಿದ್ದು, ಅಮೆರಿಕದ ಬೇಸ್‌ಬಾಲ್ ವಿಶ್ವ ಸರಣಿಯ ಐದನೆಯ ಪಂದ್ಯವನ್ನು ಮೊಬೈಲ್‌ನಲ್ಲಿ ನೋಡಲು ಕುಳಿತೆ. ಆ ಆಟದ ನಿಯಮಗಳು ನನಗೆ ಅರೆಬರೆ ಮಾತ್ರ ಗೊತ್ತು. ಆದರೂ ಟೊರೊಂಟೊ ಬ್ಲೂ ಜೇಸ್ ತಂಡದ 22ರ ಹರೆಯದ ಪಿಚರ್ (ಚೆಂಡು ಎಸೆಯುವವ) ಟ್ರೇ ಯೆಸಾವೆಜ್, ಹಿಂದಿನ ವರ್ಷದ ಚಾಂಪಿಯನ್ ಡಾಡ್ಜರ್ಸ್ ತಂಡದ ದಾಂಡಿಗರನ್ನು ಅವರದೇ ಮೈದಾನದಲ್ಲಿ ಒಬ್ಬರ ಹಿಂದೊಬ್ಬರಂತೆ ಮರಳಿ ಕಳಿಸುತ್ತಿದ್ದುದನ್ನು ನೋಡುತ್ತ, ಮುಂದಿಟ್ಟ ಚಹಾ ಆರಿಹೋದದ್ದೂ ತಿಳಿಯಲಿಲ್ಲ. ಎರಡು ಬೆರಳುಗಳನ್ನು ಅಗಲಿಸಿ ಹಿಡಿದು ಅವನು ಎಸೆಯುವ ‘ಸ್ಪ್ಲಿಟರ್’, ದಾಂಡಿಗನ ಸಮೀಪಕ್ಕೆ ಬರುತ್ತಲೇ ಥಟ್ಟನೆ ಕೆಳಗಿಳಿಯುತ್ತದೆ. ಬೀಸಿದ ಬ್ಯಾಟು ಗಾಳಿಯನ್ನಷ್ಟೇ ಸೀಳುತ್ತದೆ. ಒಂಬತ್ತು ಇನಿಂಗ್ಸ್‌ಗಳ ಆಟದ ಏಳು ಇನಿಂಗ್ಸ್‌ಗಳಲ್ಲಿ 12 ಸ್ಟ್ರೈಕ್‌ಔಟ್ (ಮೂರು ಸಲ ಚೆಂಡನ್ನು ಸರಿಯಾಗಿ ಹೊಡೆಯಲಾಗದೆ ದಾಂಡಿಗ ಔಟಾಗುವುದು), ಕೊಟ್ಟದ್ದು ಒಂದೇ ರನ್. ವಿಶ್ವ ಸರಣಿಯಲ್ಲಿ ಹೊಸಬರ ಪೈಕಿ 1949ರಿಂದ ಡಾನ್ ನ್ಯೂಕೊಂಬ್ ಅವರ ಹೆಸರಿನಲ್ಲಿದ್ದ 11 ಸ್ಟ್ರೈಕ್‌ಔಟ್‌ಗಳ ದಾಖಲೆ ಅಂದು ಮುರಿಯಿತು. ಪಂದ್ಯವನ್ನು 6–1ರಿಂದ ಗೆದ್ದ ಟೊರೊಂಟೊ, ಕೊನೆಗೆ ಸರಣಿಯನ್ನು ಸೋತದ್ದು ಬೇರೆ ಮಾತು.

ಇಂಥ ದಿನ ಹುಡುಗನ ಕೈಗೆ ಚೆಂಡು ಕೊಟ್ಟದ್ದನ್ನೇ ಎಲ್ಲರೂ ಧೈರ್ಯವೆಂದು ಹೊಗಳುತ್ತಾರೆ. ನನಗೆ ಹೆಚ್ಚಿನದೆನಿಸಿದ್ದು ಅದರ ಹಿಂದಿನ ಏರ್ಪಾಡು. ಅದೇ ವರ್ಷ ಕೆಳಗಿನ ದರ್ಜೆಯ ಡನೀಡನ್ ತಂಡದಲ್ಲಿ ಆರಂಭಿಸಿ, ಹಂತ ಹಂತವಾಗಿ ವ್ಯಾಂಕೂವರ್, ನ್ಯೂ ಹ್ಯಾಂಪ್‌ಶೈರ್, ಬಫಲೊ ತಂಡಗಳಲ್ಲಿ ಆಡಿ, ಸೆಪ್ಟೆಂಬರ್ 15ರಂದು ಅವನು ಮುಖ್ಯ ತಂಡಕ್ಕೆ ಕಾಲಿಟ್ಟಿದ್ದ. ಅಕ್ಟೋಬರ್ 5ರಂದು ನ್ಯೂಯಾರ್ಕಿನ ಯಾಂಕೀಸ್ ತಂಡದ ವಿರುದ್ಧ ಒಂದೂ ಹಿಟ್ ಬಿಟ್ಟುಕೊಡದೆ 11 ಜನರನ್ನು ಸ್ಟ್ರೈಕ್‌ಔಟ್ ಮಾಡಿದ್ದಾಗಲೂ, ಮ್ಯಾನೇಜರ್ (ತಂಡದ ಮುಖ್ಯ ಕೋಚ್) ಜಾನ್ ಷ್ನೈಡರ್ 78 ಎಸೆತಗಳಿಗೆ ಅವನನ್ನು ಹೊರಗೆ ಕರೆಸಿಕೊಂಡಿದ್ದರು.

ಇದನ್ನು ಬರೆಯುವಾಗ ನನಗೆ ನಾಚಿಕೆಯೂ ಆಗುತ್ತದೆ. ದೈಹಿಕ ಶಿಕ್ಷಕನಾಗಿದ್ದಾಗ ತಾಲ್ಲೂಕು ಮಟ್ಟದ ಕ್ರಿಕೆಟ್ ಪಂದ್ಯಾವಳಿಯೊಂದರಲ್ಲಿ, ಒಂಬತ್ತನೆಯ ತರಗತಿಯ ವೇಗದ ಬೌಲರ್‌ನಿಂದ ಬೆಳಿಗ್ಗೆ ಸೆಮಿಫೈನಲ್‌ನಲ್ಲೂ ಮಧ್ಯಾಹ್ನದ ಉರಿಬಿಸಿಲಿಗೆ ಫೈನಲ್‌ನಲ್ಲೂ ದಣಿವು ಕೇಳದೆ ಬೌಲಿಂಗ್ ಮಾಡಿಸಿದೆ. ಕಪ್ ಬಂತು. ಮರುದಿನ ಪ್ರಾರ್ಥನೆಗೆ ನಿಂತ ಆ ಹುಡುಗ ಬಲಗೈಯನ್ನು ಎದೆಗವಚಿಕೊಂಡು, ಎಡಗೈಯಿಂದ ಅಂಗಿಯ ಗುಂಡಿ ಹಾಕಿಕೊಳ್ಳಲು ಪರದಾಡುತ್ತಿದ್ದ. ಅವನ ಮೇಲೆ ನಾನು ಇಟ್ಟದ್ದು ನಂಬಿಕೆಯಲ್ಲ, ಹೊರೆ. ಅದಾದ ಮೇಲೆ ಅವನಿಗೆ ಆಡಲು ಮುಂದಿನ ವರ್ಷದವರೆಗೆ ಇನ್ನೊಂದು ಪಂದ್ಯವೂ ಸಿಗಲಿಲ್ಲ.

ಆದ್ದರಿಂದ ವಿಜಯಪುರ ಜಿಲ್ಲೆಯ ಶಾಲಾ ಕ್ರೀಡಾಕೂಟಗಳನ್ನು ನಡೆಸುವವರಲ್ಲಿ ನನ್ನ ವಿನಂತಿ: ತಾಲ್ಲೂಕು ಪಂದ್ಯಗಳು ಮುಗಿದ ಮೇಲೂ ಈ ಮಕ್ಕಳಿಗೆ ತಿಂಗಳಿಗೆ ಎರಡಾದರೂ ಪಂದ್ಯಗಳನ್ನು ಏರ್ಪಡಿಸಬೇಕು, ಒಬ್ಬ ಬಾಲಕ ದಿನಕ್ಕೆ ಎಷ್ಟು ಓವರ್ ಬೌಲಿಂಗ್ ಮಾಡಬಹುದೆಂಬ ಮಿತಿಯನ್ನು ವಯಸ್ಸಿಗೆ ತಕ್ಕಂತೆ ಗೊತ್ತುಪಡಿಸಬೇಕು. ಇದಕ್ಕೆ ದುಡ್ಡೇನೂ ಬೇಕಾಗದು. ಸ್ಕೋರ್ ಪುಸ್ತಕದಲ್ಲಿ ಪ್ರತಿ ಎಸೆತವೂ ದಾಖಲಾಗುತ್ತಲೇ ಇರುತ್ತದೆ. ಅದನ್ನು ಕೂಡಿಸಿ ಮಧ್ಯಾಹ್ನದ ಪಂದ್ಯಕ್ಕೆ ಮೊದಲು ತಂಡದ ಶಿಕ್ಷಕರ ಕೈಗಿಟ್ಟರೆ ಸಾಕು.

– ನಿವೃತ್ತ ದೈಹಿಕ ಶಿಕ್ಷಕ, ವಿಜಯಪುರ