ದಿನಕ್ಕೊಂದು ದಿಕ್ಕು: ಟೋಕಿಯೊಗೆ ಹೊರಟವಳಿಗೆ

ಚಿ. ಮೇಘಾಳಿಗೆ ಅತ್ತೆಯ ಆಶೀರ್ವಾದಗಳು.

ನೀನು ಕಳಿಸಿದ ಪಟ್ಟಿ ನೋಡಿದೆ. ಒಂದೇ ದಿನದಲ್ಲಿ ಬೆಳಿಗ್ಗೆ ಅಸಕುಸಾ, ಮಧ್ಯಾಹ್ನ ಶಿಬುಯಾ, ಸಂಜೆ ಅಕಿಹಬಾರಾ, ರಾತ್ರಿ ಶಿಂಜುಕು! ಹೀಗೆ ಊರಿನ ಈ ತುದಿಯಿಂದ ಆ ತುದಿಗೆ ಓಡಾಡಿದರೆ ದುಡ್ಡೂ ಹೋಗುತ್ತೆ, ಕಾಲೂ ಸೋಲುತ್ತೆ. ದಿನಕ್ಕೊಂದು ದಿಕ್ಕು ಇಟ್ಟುಕೊಂಡು ಅಲ್ಲೆಲ್ಲ ನಡೆದೇ ನೋಡು. ಮಲಗುವ ಜಾಗವನ್ನೂ ರೈಲಿನ ಟಿಕೆಟನ್ನೂ ಸರಿಯಾಗಿ ಆರಿಸಿಕೊಂಡರೆ ದಿನಕ್ಕೆ 7,000–8,000 ಯೆನ್ ಸಾಕು, ಹೊಟ್ಟೆ ಕಟ್ಟಬೇಕಾಗಿಲ್ಲ. ನೂರು ಯೆನ್ ಅಂದರೆ ಹೆಚ್ಚುಕಮ್ಮಿ ಅರವತ್ತು ರೂಪಾಯಿ ಅಂತ ಲೆಕ್ಕ ಇಟ್ಟುಕೋ.

ಮೊದಲು ಹಾಸಿಗೆ. ಶಿಂಜುಕು, ಶಿಬುಯಾ ಹತ್ತಿರ ಹುಡುಕಲೇಬೇಡ. ಉಯೆನೊ, ಅಸಕುಸಾ, ಕುರಾಮಾಯೆ ಕಡೆ ಹಾಸ್ಟೆಲ್‌ಗಳು ಬೇಕಾದಷ್ಟಿವೆ. ಡಾರ್ಮಿಟರಿಯಲ್ಲಿ ಒಂದು ಹಾಸಿಗೆಗೆ 3,000ದಿಂದ 4,500 ಯೆನ್ ಆಗುತ್ತೆ, ಹೆಂಗಸರಿಗೇ ಪ್ರತ್ಯೇಕ ಕೋಣೆ ಬಹಳ ಕಡೆ ಉಂಟು. ಇನ್ನೂ ಅಗ್ಗ ಬೇಕಾದರೆ ಮಿನಾಮಿ-ಸೆಂಜು. ಹಿಂದೆ ದಿನಗೂಲಿಯವರು ತಂಗುತ್ತಿದ್ದ ಸಾನ್ಯಾ ಪ್ರದೇಶ ಅದು, ಆ ಕಾಲದ ವಸತಿಗಳಲ್ಲಿ ಕೆಲವು ಈಗ ಪ್ರವಾಸಿಗಳಿಗೆ ಸಣ್ಣ ಕೋಣೆ ಕೊಡುತ್ತವೆ. ನಿಮ್ಮಪ್ಪ ಹೆಸರು ಕೇಳಿ ಗಾಬರಿಯಾದರೆ ನನಗೆ ಫೋನ್ ಮಾಡಿಸು. ಶುಕ್ರವಾರ, ಶನಿವಾರ ರಾತ್ರಿ ದರ ಏರುತ್ತೆ. ಚೆರ್ರಿ ಹೂವಿನ ಮಾರ್ಚ್ ಕೊನೆ, ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ಸಾಲುರಜೆ, ಆಗಸ್ಟ್ ನಡುವಿನ ಪಿತೃಗಳ ಹಬ್ಬ ಒಬೊನ್, ಈ ದಿನಗಳಲ್ಲಿ ಅದೇ ಹಾಸಿಗೆಗೆ ಎರಡರಷ್ಟು ಕೇಳಿದರೂ ಆಶ್ಚರ್ಯವಿಲ್ಲ.

ನರಿತಾ ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ಸ್ಕೈಲೈನರ್ ಅನ್ನುವ ವೇಗದ ರೈಲಿನ ಬೋರ್ಡು ಕಣ್ಣಿಗೆ ಹೊಡೆಯುತ್ತೆ. ಅದೇ ಕೇಸೇ ಕಂಪನಿಯ ಮಾಮೂಲಿ ರೈಲು ಸಾವಿರ ಚಿಲ್ಲರೆ ಯೆನ್‌ಗೆ ಉಯೆನೊ ಮುಟ್ಟಿಸುತ್ತೆ. ಸ್ಕೈಲೈನರ್ ಅದರ ಎರಡು ಪಟ್ಟಿಗೂ ಹೆಚ್ಚು ತೆಗೆದುಕೊಂಡು ಉಳಿಸಿಕೊಡುವುದು ಅರ್ಧ ಗಂಟೆ. ದೇಶವೆಲ್ಲ ಸುತ್ತುವ ಜೆಆರ್ (ಜಪಾನ್ ರೈಲ್ವೆ) ಪಾಸ್ ಕೊಳ್ಳು ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. 2023ರ ಅಕ್ಟೋಬರ್‌ನಲ್ಲೇ ಏಳು ದಿನದ ಪಾಸ್ 50,000 ಯೆನ್‌ಗೆ ಏರಿತು. ಒಂದೇ ಊರು ನೋಡುವವಳಿಗೆ ಅದು ದಂಡ.

ನಿನಗೆ ಬೇಕಾಗಿರುವುದು ಟೋಕಿಯೊ ಸಬ್‌ವೇ ಟಿಕೆಟ್. 24, 48, 72 ಗಂಟೆಯವು ಸಿಗುತ್ತವೆ. ದಿನದ ಲೆಕ್ಕದಲ್ಲಿ 72 ಗಂಟೆಯದೇ ಅಗ್ಗ. ಪಾಸ್‌ಪೋರ್ಟ್ ತೋರಿಸಿ ವಿಮಾನ ನಿಲ್ದಾಣದಲ್ಲೇ ತೆಗೆದುಕೊಳ್ಳಬಹುದು. ಗಂಟೆ ಎಣಿಸುವುದು ಮೊದಲ ಗೇಟು ದಾಟಿದ ಕ್ಷಣದಿಂದ: ಸೋಮವಾರ ಮಧ್ಯಾಹ್ನ ಎರಡಕ್ಕೆ ಶುರು ಮಾಡಿದರೆ ಗುರುವಾರ ಮಧ್ಯಾಹ್ನ ಎರಡರವರೆಗೂ ನಡೆಯುತ್ತೆ. ಹಾಗಾಗಿ ಬಂದಿಳಿದ ರಾತ್ರಿ ಅದನ್ನು ಮುಟ್ಟಬೇಡ. ದಿನಕ್ಕೆ ನಾಲ್ಕು ಸಲವಾದರೂ ರೈಲು ಹತ್ತಿದರೆ ಲಾಭ, ಇಲ್ಲದಿದ್ದರೆ ಹತ್ತಿದಾಗಲೆಲ್ಲ ಹಣ ಕೊಡುವುದೇ ಮೇಲು.

ಎಡವುವ ಜಾಗ ಇಲ್ಲಿದೆ, ಸ್ವಲ್ಪ ನಿಧಾನವಾಗಿ ಓದು. ಈ ಟಿಕೆಟ್ ನಡೆಯುವುದು ಟೋಕಿಯೊ ಮೆಟ್ರೊ ಕಂಪನಿಯ ಒಂಬತ್ತು ಮತ್ತು ನಗರಾಡಳಿತದ ತೊಯೆಯ ನಾಲ್ಕು ಸುರಂಗ ಮಾರ್ಗಗಳಲ್ಲಿ ಮಾತ್ರ. ಊರು ಸುತ್ತುವ ಹಸಿರು ಪಟ್ಟೆಯ ಯಾಮಾನೊತೆ ರೈಲು ಜೆಆರ್‌ನದು, ಅಲ್ಲಿ ನಡೆಯಲ್ಲ. ಮ್ಯಾಪ್ ಮಾತ್ರ ಯಾವಾಗಲೂ ಅದನ್ನೇ ತೋರಿಸುತ್ತೆ. ಹರಾಜುಕುಗೆ ಮೆಟ್ರೊದ ಮೇಜಿ-ಜಿಂಗುಮಾಯೆಯಲ್ಲಿ ಇಳಿ, ಅಕಿಹಬಾರಾಕ್ಕೆ ಹಿಬಿಯಾ ಮಾರ್ಗ ಹಿಡಿ. ಇನ್ನೊಂದು, ಮೆಟ್ರೊ ರೈಲುಗಳು ತಮ್ಮ ಗಡಿ ಮುಗಿದ ಮೇಲೂ ಬೇರೆ ಕಂಪನಿಯ ಹಳಿ ಮೇಲೆ ಹಾಗೇ ಮುಂದುವರಿಯುತ್ತವೆ. ಹಿಬಿಯಾ ಮಾರ್ಗದಲ್ಲಿ ಮಿನಾಮಿ-ಸೆಂಜುವಿನ ಮುಂದಿನ ನಿಲ್ದಾಣ ಕಿತಾ-ಸೆಂಜು. ಅದನ್ನು ದಾಟಿತೋ ತೊಬು ಕಂಪನಿಯ ಹಳಿ. ತೂಕಡಿಸಿ ಮುಂದೆ ಹೋದರೆ ಹೊರಗೆ ಬರುವಾಗ ಗೇಟು ಮುಚ್ಚಿಕೊಳ್ಳುತ್ತೆ. ಹೆದರಬೇಡ, ಪಕ್ಕದ ಕಿಟಕಿಯಲ್ಲಿ ಟಿಕೆಟ್ ತೋರಿಸಿ ಗಡಿಯಿಂದ ಆಚೆಯ ಹಣ ಕಟ್ಟಿದರೆ ಬಿಡುತ್ತಾರೆ. ತೊಜಾಯ್ ಮಾರ್ಗದಲ್ಲಿ ನಕಾನೊದಿಂದ ಆಚೆಗೂ ಇದೇ ಕಥೆ.

ಇಳಿಯುವ ಮುಂಚೆ ನಿಲ್ದಾಣದ ಹೆಸರಿನ ಜೊತೆ ದ್ವಾರದ ಸಂಖ್ಯೆಯನ್ನೂ ಬರೆದಿಟ್ಟುಕೋ. ಶಿಂಜುಕುವಿನಲ್ಲಿ 200ಕ್ಕೂ ಹೆಚ್ಚು ದ್ವಾರಗಳಿವೆ. ತಪ್ಪು ಕಡೆ ಎದ್ದರೆ ಕಾಲು ಗಂಟೆ ನೆಲದಡಿಯಲ್ಲೇ ಹೋಗುತ್ತೆ. ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ದೊಡ್ಡ ಚೀಲ ಹೊತ್ತು ರೈಲು ಹತ್ತಲೇಬೇಡ. ಬೇರೆ ಹೊತ್ತಿನಲ್ಲೂ ಚೀಲ ಎದೆಯ ಮೇಲಿರಲಿ. ರಾತ್ರಿ ಹನ್ನೆರಡರ ಆಸುಪಾಸಿಗೆ ಕೊನೆಯ ರೈಲು, ಆಮೇಲೆ ಐದರವರೆಗೆ ಏನೂ ಇಲ್ಲ. ಅಷ್ಟು ಹೊತ್ತಿನ ಟ್ಯಾಕ್ಸಿ ಅಂದರೆ ಎರಡು ದಿನದ ಊಟ.

ಈಗ ದಿಕ್ಕುಗಳು. ಒಂದು ದಿನ ಪೂರ್ವ: ಏಳು ಗಂಟೆಯೊಳಗೆ ಅಸಕುಸಾದ ಸೆನ್ಸೊಜಿ ದೇವಸ್ಥಾನ, ಆಗ ಜನರಿರಲ್ಲ, ದುಡ್ಡೂ ಕೇಳಲ್ಲ. ಎದುರಿನ ಪ್ರವಾಸಿ ಮಾಹಿತಿ ಕೇಂದ್ರದ ಎಂಟನೆಯ ಮಹಡಿಗೆ ಲಿಫ್ಟ್‌ನಲ್ಲಿ ಹೋಗು; 634 ಮೀಟರಿನ ಸ್ಕೈಟ್ರೀಯನ್ನು ಪುಕ್ಕಟೆ ನೋಡಬಹುದು, ಅದನ್ನು ಹತ್ತುವುದಕ್ಕಿಂತ ದೂರದಿಂದ ನೋಡುವುದೇ ಚೆಂದ ಅಂತ ನನ್ನ ಅಭಿಪ್ರಾಯ. ಅಲ್ಲಿಂದ ಪಾತ್ರೆ ಅಂಗಡಿಗಳ ಕಪ್ಪಾಬಾಶಿ ಬೀದಿ ಹಿಡಿದು ಉಯೆನೊ, ಆಮೆಯೊಕೊ ಸಂತೆ, ಹಳೆಯ ಮನೆಗಳ ಯಾನಾಕಾ. ಪೂರ್ತಿ ನಡಿಗೆಯೇ. ಇನ್ನೊಂದು ದಿನ ಪಶ್ಚಿಮ: ಮೇಜಿ ಗುಡಿಯ ಕಾಡು, ಹರಾಜುಕು, ಅಲ್ಲಿಂದ ಶಿಬುಯಾಕ್ಕೆ ಅರ್ಧ ಗಂಟೆಯೊಳಗಿನ ದಾರಿ. ಸಂಜೆ ತೊಚೊಮಾಯೆಯಲ್ಲಿ ಇಳಿದು ಮಹಾನಗರ ಸರ್ಕಾರದ ಕಟ್ಟಡದ 45ನೆಯ ಮಹಡಿ, 202 ಮೀಟರ್ ಎತ್ತರ, ಪ್ರವೇಶ ಉಚಿತ. ಚಳಿಗಾಲದಲ್ಲಿ ಆಕಾಶ ತಿಳಿಯಾಗಿದ್ದರೆ ಫುಜಿ ಕಾಣುತ್ತೆ. ಚಕ್ರವರ್ತಿಯ ಅರಮನೆಯ ಪೂರ್ವ ತೋಟ ಸೋಮವಾರ, ಶುಕ್ರವಾರ ಮುಚ್ಚಿರುತ್ತೆ. ಮ್ಯೂಸಿಯಂಗಳಿಗೆ ಬಹುಪಾಲು ಸೋಮವಾರ ರಜೆ.

ಊಟದಲ್ಲಿ ನಿನಗೆ ಕಷ್ಟ ದುಡ್ಡಿನದಲ್ಲ, ಮೀನಿನದು. ದಾಶಿ ಅನ್ನುವ ಸಾರು ಒಣಮೀನಿನದು; ಉದೊನ್ ಅನ್ನುವ ದಪ್ಪ ಶಾವಿಗೆಯಲ್ಲಿ, ಮಿಸೊ ಸೂಪಿನಲ್ಲಿ, ನೋಡಲು ಬರೀ ತೋಫು ಚೀಲದಂತಿರುವ ಇನಾರಿಯಲ್ಲೂ ಅದಿರುತ್ತೆ. "ನಿಕು ನಾಶಿ, ಸಕಾನಾ ನಾಶಿ, ದಾಶಿ ನಾಶಿ" (ಮಾಂಸ ಬೇಡ, ಮೀನು ಬೇಡ, ದಾಶಿ ಬೇಡ) ಅಂತ ಮೂರನ್ನೂ ಹೇಳು. ಸೈಜೆರಿಯಾ ಹೋಟೆಲಿನ ಮಾರ್ಗರಿಟಾ ಪಿಜ್ಜಾ ಅಗ್ಗ. ಟೋಕಿಯೊ ನಿಲ್ದಾಣದ ಟೀಸ್ ತಾನ್‌ತಾನ್‌ನಲ್ಲಿ ಪೂರ್ತಿ ಸಸ್ಯಾಹಾರಿ ರಾಮೆನ್ ಉಂಟು, ಆದರೆ ಅದು ಜೆಆರ್ ಗೇಟಿನ ಒಳಗಿದೆ. ಜೆಆರ್ ರೈಲು ಹಿಡಿಯುವ ದಿನವೇ ಅಲ್ಲಿ ತಿನ್ನು. ಉಳಿದ ಹೊತ್ತಿಗೆ ಸೂಪರ್‌ಮಾರ್ಕೆಟ್: 200 ಗ್ರಾಂ ಅನ್ನದ ಪೊಟ್ಟಣ ಮೈಕ್ರೋವೇವ್‌ನಲ್ಲಿ ಎರಡು ನಿಮಿಷಕ್ಕೆ ಬಿಸಿಯಾಗುತ್ತೆ, ಜೊತೆಗೆ ಮೊಸರು, ತೋಫು, ಬಾಳೆಹಣ್ಣು. ಮನೆಯಿಂದ ಪುಳಿಯೋಗರೆ ಪುಡಿ, ಚಟ್ನಿಪುಡಿ ತೆಗೆದುಕೊಂಡು ಹೋಗು. ಹಸಿ ಕರಿಬೇವು, ಹಣ್ಣು ಬೇಡ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಸಂಜೆ ಏಳೆಂಟರ ಮೇಲೆ ಮಾಡಿಟ್ಟ ತಿನಿಸುಗಳಿಗೆ ಅರ್ಧ ಬೆಲೆಯ ಚೀಟಿ ಅಂಟಿಸುತ್ತಾರೆ. ದಪ್ಪಕ್ಷರದ ಬೆಲೆ ಎಷ್ಟೋ ಸಲ ತೆರಿಗೆ ಸೇರದ್ದು. ಕೆಳಗಿನ ಸಣ್ಣಕ್ಷರ ನೋಡು. ತಿನಿಸನ್ನು ಕಟ್ಟಿಸಿಕೊಂಡರೆ 8, ಅಲ್ಲೇ ಕೂತು ತಿಂದರೆ 10 ಶೇಕಡಾ. ನೀರು ಕೊಳ್ಳಬೇಡ, ನಲ್ಲಿ ನೀರೇ ಕುಡಿಯಬಹುದು. ರಸ್ತೆಯಲ್ಲಿ ಕಸದ ಬುಟ್ಟಿ ಇರಲ್ಲ, ಚೀಲದಲ್ಲೊಂದು ಕವರ್ ಇರಲಿ.

ಹೊರಡುವ ಮುಂಚೆ ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ಬಳಕೆ ತೆರೆದಿಡು. ನಗದು ಬೇಕಾದರೆ ಸೆವೆನ್-ಇಲೆವೆನ್ ಎಟಿಎಂ ಹುಡುಕು. ರೂಪಾಯಿಯೋ ಯೆನ್ನೋ ಅಂತ ಯಂತ್ರ ಕೇಳಿದರೆ ಯೆನ್ ಒತ್ತು. ರೂಪಾಯಿ ಒತ್ತಿದರೆ ವಿನಿಮಯ ದರ ಅವರು ಹೇಳಿದ್ದೇ ಆಗುತ್ತೆ. ಮೊದಲೇ ಹಣ ತುಂಬಿ ರೈಲಿಗೂ ಅಂಗಡಿಗೂ ಬಳಸುವ ವೆಲ್‌ಕಮ್ ಸುಯಿಕಾ ಕಾರ್ಡು 28 ದಿನ ನಡೆಯುತ್ತೆ, ಉಳಿದ ಹಣ ವಾಪಸ್ ಬರಲ್ಲ. ಅದಕ್ಕೆ ಒಂದೊಂದೇ ಸಾವಿರ ತುಂಬಿಸು, ಕೊನೆಯಲ್ಲಿ ಉಳಿದದ್ದನ್ನು ವಿಮಾನ ನಿಲ್ದಾಣದ ಅಂಗಡಿಯಲ್ಲಿ ತೀರಿಸಿ, ಕಡಿಮೆ ಬಿದ್ದದ್ದನ್ನು ಚಿಲ್ಲರೆಯಲ್ಲಿ ಕೊಡು.

ಹಾಸ್ಟೆಲ್ ಗೊತ್ತು ಮಾಡುವ ಮುಂಚೆ ವಿಳಾಸ ನನಗೆ ಕಳಿಸು, ಯಾವ ಮಾರ್ಗಕ್ಕೆ ಹತ್ತಿರ ಅಂತ ನೋಡಿ ಹೇಳುತ್ತೇನೆ.

ಇಂತಿ,
ನಿನ್ನ ಅತ್ತೆ