ವ್ಯಾನಿಷಿಂಗ್ ಪಾಯಿಂಟ್ ಹಾಳೆಯಾಚೆ ಇಡಿಸಿದವರಿಗೆ ಧನ್ಯವಾದ

ಏಳನೇ ತರಗತಿಗೆ ಎರಡು ಬಿಂದುಗಳ ಪರ್ಸ್ಪೆಕ್ಟಿವ್ (ದೂರ ಹೋದಂತೆ ಚಿಕ್ಕದಾಗಿ ಕಾಣುವಂತೆ ಬಿಡಿಸುವ ರೀತಿ) ಕಲಿಸುವ ಬಗೆಯನ್ನು ತಿದ್ದಿಕೊಟ್ಟು, ಹೆಸರೂ ಹೇಳದೆ ಹೋದ ಕಲಾ ಶಿಕ್ಷಕರೇ, ನಿಮಗೆ ನಮಸ್ಕಾರ. ಕಟ್ಟಡದ ಮೂಲೆ ಕತ್ತಿಯಂತೆ ಚೂಪಾಗುವುದಕ್ಕೆ ಮಕ್ಕಳ ಕೈ ಕಾರಣವಲ್ಲ, ಗೆರೆಗಳು ದೂರದಲ್ಲಿ ಹೋಗಿ ಸೇರುವಂತೆ ಕಾಣುವ ಎರಡೂ ವ್ಯಾನಿಷಿಂಗ್ ಪಾಯಿಂಟ್‌ಗಳು ಎ4 ಹಾಳೆಯೊಳಗೇ ಇಕ್ಕಟ್ಟಾಗಿ ಕೂತಿರುವುದು ಕಾರಣ ಎಂದಿರಿ.

ಹಾಳೆಯನ್ನು ಅಡ್ಡಲಾಗಿಟ್ಟು, ಎಡಬಲಕ್ಕೆ ತಲಾ 20 ಸೆಂ.ಮೀ. ರದ್ದಿ ಕಾಗದ ಅಂಟಿಸಿ, ದಿಗಂತರೇಖೆಯನ್ನು (ಕಣ್ಣಿನ ಮಟ್ಟದ ಅಡ್ಡಗೆರೆ) ಅಲ್ಲಿಯವರೆಗೂ ಎಳೆದು ಅದರ ತುದಿಗಳಲ್ಲಿ ಬಿಂದು ಇಟ್ಟರೆ ಆ ವಿಕಾರ ಬಹುಪಾಲು ಹೋಗುತ್ತದೆ. ಆದರೆ 30 ಸೆಂ.ಮೀ. ಸ್ಕೇಲು ಅಷ್ಟು ದೂರ ಎಟಕುವುದಿಲ್ಲವಲ್ಲ! ಅದಕ್ಕೆ ನೀವು ಹೇಳಿದ ದಾರದ ಉಪಾಯವೇ ನಮಗೆ ಎಲ್ಲಕ್ಕಿಂತ ಹಿಡಿಸಿದ್ದು: ದಾರದ ಒಂದು ತುದಿಯನ್ನು ಬಿಂದುವಿಗೆ ಟೇಪಿನಿಂದ ಅಂಟಿಸಿ, ಇನ್ನೊಂದನ್ನು ಪೆಟ್ಟಿಗೆಯಾಕಾರದ ಕಟ್ಟಡದ ಮೂಲೆಗೆ ಬಿಗಿಯಾಗಿ ಎಳೆದು, ದಾರದ ಕೆಳಗೆ ಎರಡು ಚುಕ್ಕೆ ಇಟ್ಟು, ಆಮೇಲೆ ಸ್ಕೇಲಿನಿಂದ ಸೇರಿಸುವುದು. ದಾರ ಸಡಿಲವಾದರೆ ಗೆರೆ ತಪ್ಪುತ್ತದೆ. ಇಬ್ಬಿಬ್ಬರು ಸೇರಿ ಮಾಡಿದರೆ ಸಲೀಸು.

ಗೆರೆಗಳಿಗೆ ತಿಳಿಯಾಗಿ ಬರೆಯುವ 2ಎಚ್ ಪೆನ್ಸಿಲು, ಒತ್ತದೆ. ನೇರ ನಿಂತ ಗೆರೆಗಳಿಗೆ ಸೆಟ್‌ಸ್ಕ್ವೇರ್. ನೆರಳಿಗೆ ಕಾಣುವ ಮೂರು ಮುಖಗಳಲ್ಲಿ ಒಂದು ಖಾಲಿ, ಒಂದಕ್ಕೆ ಕಪ್ಪಾಗಿ ಬರೆಯುವ 2ಬಿ, ಒಂದಕ್ಕೆ ಇನ್ನೂ ಕಪ್ಪಾದ 6ಬಿ. ಬೆರಳಿನಿಂದ ಉಜ್ಜಿದರೆ ಮೂರೂ ಒಂದೇ ಬೂದಿಬಣ್ಣಕ್ಕೆ ತಿರುಗುತ್ತವೆ.

ಪಕ್ಕದ ಕಾಗದವನ್ನು ಬೇಗ ಕೀಳಬೇಡಿ ಎಂದಿದ್ದೂ ಸರಿಯೇ. ಕಿಟಕಿ, ಬಾಗಿಲು, ಮೆಟ್ಟಿಲುಗಳ ಅಡ್ಡ ಗೆರೆಗಳೂ ಅದೇ ಬಿಂದುಗಳಿಗೆ ಹೋಗಬೇಕು.